ಮೋಟರ್ ಎತ್ತರಿ

"ಬರಿ, ಎರಡ ಶಬ್ದ ಬರಿ. 'ಮೋಟರ್ ಎತ್ತರಿ'. ಕೆಳಗ ಆ ವಿಡಿಯೋ ಹಚ್ಚು," ಅಂದ ಮಂಜೂರ, ಚಾ ಸೊರ್ ಅಂತ ಎಳಕೋತ.

ಕೋಮಲ ಕೀಬೋರ್ಡಿನ ಮ್ಯಾಲಿನ ಕೈ ತಗದು ತೊಡಿ ಮ್ಯಾಲ ಇಟಗೊಂಡಳು. "ಸರ್, ಹೊಳ್ಯಾಗ ಎಮ್ಮಿ ಮೈ ತೊಳಿಯೋವಷ್ಟ ಸೈತ ನೀರಿಲ್ರಿ. ಇದು ಹ್ವಾದ ವರ್ಷ ಹೊಳಿ ಬಂದಾಗಿನ ವಿಡಿಯೋ."

"ಹ್ವಾದ ವರ್ಷದ್ದು ಅಂತ ಅದರ ಹಣಿಮ್ಯಾಲ ಬರದೈತೇನು? ಹೊಳಿ ಖರೇ, ನೀರ ಖರೇ, ತೇಲಿ ಹೋಗೂ ಬಣವಿ ಖರೇ. ಸುಳ್ಳ ಎಲ್ಲೈತಿ ತೋರಸು."

"ತಾರೀಖ ಸುಳ್ಳೈತ್ರಿ."

"ತಾರೀಖ ನೋಡೂ ಮಂದಿ ಬ್ಯಾಂಕಿನ್ಯಾಗ ಇರತಾರವಾ, ಫೋನಿನ್ಯಾಗ ಇರಂಗಿಲ್ಲ. ಹಾಕು."

ಮಂಜೂರನ ಆಫೀಸು ಇಂಡಿ ಪ್ಯಾಟ್ಯಾಗ ನಿಂಬಿಹಣ್ಣಿನ ಅಡತಿ ಅಂಗಡಿ ಮ್ಯಾಲ ಇತ್ತು. ಕೆಳಗಿಂದ ಬರೂ ಹುಳಿ ವಾಸನಿ ಎಂಥಾದ್ದಂದ್ರ, ಗ್ವಾಡಿ ಗಡಿಯಾರ ಸೈತ ಮಾರಿ ಕಿವಚಗೊಂಡು ಒಂಬತ್ತೂ ಹತ್ತಕ್ಕ ನಿಂತು ಮೂರು ವರ್ಷ ಆಗಿತ್ತು. ಅಲ್ಲೇ ಒಂದು ಟೇಬಲ್, ಎರಡು ಕಂಪ್ಯೂಟರ್, ತಾಂಬಾದಿಂದ ದಿನಾ ಬಸ್ಸಿಗೆ ಬರೂ ಕೋಮಲ. ಇಷ್ಟ ಬಂಡವಾಳದಾಗ ಮಂಜೂರ ಕುಂತಲ್ಲೇ ನಾಕು ತಾಲೂಕು ಆಳತಿದ್ದ.

ಅವನ ಧಂದೇ ಬ್ಯಾರೆದವರ ವೆಬ್‌ಸೈಟ್ ಕೊಳ್ಳೂದು. ಮುದ್ದೇಬಿಹಾಳದ ಬಸ್ ಟೈಮಿನ ಸೈಟು ಕೊಂಡಿದ್ದ, ಬಾಗೇವಾಡಿದ ಎತ್ತು ಮಾರೂ ಸೈಟು ಕೊಂಡಿದ್ದ, ಸಿಂದಗಿದ ಕನ್ಯಾ-ವರ ಜೋಡಸೂ ಸೈಟು ಕೊಂಡಿದ್ದ. ಬಸ್ ಟೈಮ್ ನೋಡಾಕ ಬಂದಂವಗ ಹಾವು ಮುಂಗಸಿ ಕಾದಾಟದ ವಿಡಿಯೋ ತೋರಸಿ, ಜಾಹೀರಾತಿನ ರೊಕ್ಕಾ ಎಣಸತಿದ್ದ. ಬಸ್ಸು ಬಂದು ಹೋಗತಿತ್ತು, ಅಂವ ನೋಡಕೋತ ನಿಂತಿರತಿದ್ದ. ಕನ್ಯಾ ಹುಡಕಾಕ ಬಂದವರೊಳಗ ಒಬ್ಬ, ಕನ್ಯಾ ಮರತು ಆರು ತಿಂಗಳ ಬರೇ ವಿಡಿಯೋ ನೋಡಕೋತ ಉಳದು, ಹುಡುಗಿ ಕಡಿಯವರು ತಾವ ಹುಡಿಕ್ಯಾಡಕೋತ ಬಂದಿದ್ರಂತ.

"ಹೊಸಾ ಸೈಟ್ ಮಾಡೂದಂದ್ರ ಸಸಿ ಹಚ್ಚಿ ನಾಕು ವರ್ಷ ಕಾಯೂದು," ಅಂತ ಅಂವ ಬಸ್‌ಸ್ಟ್ಯಾಂಡಿನ ಚಾದಂಗಡ್ಯಾಗ ಕೇಳಿದವರಿಗೂ ಹೇಳತಿದ್ದ, ಕೇಳದವರಿಗೂ ಹೇಳತಿದ್ದ. "ನಾ ಕಾಯೂ ಮನಶಾ ಅಲ್ಲ. ಫಲ ಹಿಡದ ಗಿಡಾನ ಹಿಡೀತೇನಿ. ಮಂದಿ ರೂಢಿ ಬಿದ್ದಿರತಾರ ನೋಡ್ರಿ, ಆ ರೂಢೀನ ಹಣ್ಣು. ಇನ್ನ ವೈರಲ್ ಅಂದ್ರ ನಸೀಬ ಅಂತೀರಿ ನೀವು. ನಸೀಬ ಅಲ್ಲ, ಒಣಾ ಕಣಕಿ ಬಣವಿ ಅದು. ಕಡ್ಡಿ ಯಾವ ಮಂಗ್ಯಾನರೆ ಗೀರತಾನ. ಬಣವಿ ಎಲ್ಲೈತಿ ಅಂತ ಗೊತ್ತಿರಬೇಕು."

ಅವರಪ್ಪ ಶಮಶುದ್ದೀನ ನಿಂಬಿ ತ್ವಾಟಾ ಫಲಕ್ಕ ಹಿಡಿಯಂವ. ಗಿಡದ ಮಾಲಕಗ ಮೊದಲ ರೊಕ್ಕಾ ಕೊಟ್ಟು ಆ ಹಂಗಾಮಿನ ಹಣ್ಣೆಲ್ಲಾ ತಾ ಹರಕೊಳ್ಳೂದು. ಸಾಯೂತನಾ ಅಂವ ಒಂದ ಮಾತು ಹೇಳತಿದ್ದ: "ಉದುರಿದ್ದು ಆರಸೋ ಮಂಜೂರ, ಟೊಂಗಿ ಹಿಡದು ಜಗ್ಗಬ್ಯಾಡ. ಬರೂ ವರ್ಷ ಇನ್ನೊಬ್ಬ ಬರಾಂವ ಇರತಾನ." ಮಂಜೂರ ಅದಕ್ಕ ನಗತಿದ್ದ. ಅಬ್ಬಾ ಹಿಡದದ್ದು ಬರೇ ಫಲ. ಇಂವ ಗಿಡಾನ ಕೊಂಡಿದ್ದ.

ಈಗ ಕೊಂಡ ಸೈಟಿನ ಹೆಸರು 'ಹೊಳಿಸುದ್ದಿ'. ಅಗರಖೇಡದ ಸಿದ್ರಾಮ ಮಾಸ್ತರು ಹದಿನಾಕು ವರ್ಷ ಒಬ್ಬರ ನಡಸಿದ್ದು. ದಿನಾ ಮುಂಜಾನೆ ನಿಂಬಿಹಣ್ಣಿನ ಧಾರಣಿ, ಅದರ ಕೆಳಗ ಭೀಮಾ ಹೊಳಿ ನೀರು ಘಾಟಿನ ಮ್ಯಾಲಿಂದ ಎಷ್ಟನೇ ಮೆಟ್ಟಲಕ್ಕ ಐತಿ ಅಂತ ಒಂದ ಸಾಲು. ಬಣ್ಣಿಲ್ಲ, ಚಿತ್ರಿಲ್ಲ, ಪಂಚಾಯ್ತಿ ಗ್ವಾಡಿ ಹಂಗ ಕಾಣತಿತ್ತು. ಆದ್ರ ಹೊಳಿದಂಡಿ ಹಳ್ಯಾಗ ಅದನ್ನ ನೋಡದ ಯಾರೂ ಬಾಯಿ ತೊಳಕೋತಿರಲಿಲ್ಲ. ಯಾಕಂದ್ರ ಹೊಲಕ್ಕ ನೀರ ಎತ್ತೂ ಎಲ್ಲಾರ ಮೋಟರೂ ಹೊಳಿ ದಂಡಿ ಕೊರಕಲದಾಗ, ನೀರ ಬಾಯಾಗ ಇರತಾವ. ಮಹಾರಾಷ್ಟ್ರದಾಗ ಮಳಿ ಆಗಿ ಮ್ಯಾಲಿಂದ ನೀರು ಬಿಟ್ರ, ಇಲ್ಲಿ ಹನಿ ಬೀಳದಿದ್ರೂ ಹೊಳಿ ಏರತೈತಿ. ಆವಾಗ ಮಾಸ್ತರು ತಾವ ಘಾಟ ಇಳದು, ಏಳನೇ ಮೆಟ್ಟಲ ಮುಳಗಿದ್ದು ಕಣ್ಣಲೆ ನೋಡಿ, ಎರಡ ಶಬ್ದ ಬರೀತಿದ್ರು. ಫೋನಿನ್ಯಾಗ ಟಣ್ ಅನ್ನೂದ ತಡ, ಹನ್ನೊಂದು ಹಳ್ಳಿ ಗಂಡಸರು ಮೋಟರ ಹೊರೂ ಬೊಂಬು ಹೆಗಲಮ್ಯಾಲ ಹಾಕ್ಕೊಂಡು ಓಡತಿದ್ರು. ಹದಿನಾಕು ವರ್ಷದಾಗ ಒಂಬತ್ತ ಸರತಿ ಬರದಿದ್ರು. ಒಂಬತ್ತೂ ಸರತಿ ಹೊಳಿ ಬಂದಿತ್ತು.

ಮಾಸ್ತರ ಮಣಕಾಲ ಹ್ವಾದ್ವು, ಮೆಟ್ಟಲ ಇಳಿಯಾಕ ಆಗದಾತು, ಅದಕ್ಕ ಮಾರಿದ್ರು. ಕಾಗದಕ್ಕ ಸಹಿ ಮಾಡಿ, ಪೆನ್ನಿನ ಟೊಪಗಿ ಹಾಕಿ, ಮಂಜೂರನ ಮಾರಿ ನೋಡಿದ್ರು.

"ಹಾವು ಹಾಕು, ಮಂಗ್ಯಾ ಹಾಕು, ನಂದೇನಿಲ್ಲಪಾ. ಆ ಎರಡ ಶಬ್ದ ಮಾತ್ರ ನೋಡದ ಬರೀಬ್ಯಾಡ."

"ಛೇ ಛೇ, ಸರ. ನಮ್ಮ ಆಪಾನ್ನ ನಿಮ್ಮೂರಿಗೇ ಕೊಟ್ಟೇವಿ. ಆಕಿ ಗಂಡ ನಬಿಲಾಲ ಮಾಮಾನ ಮೋಟರೂ ಅಲ್ಲೇ ಐತಿ. ನನಗ ಗೊತ್ತಿಲ್ಲೇನ್ರಿ?"

ಗೊತ್ತಿತ್ತು. ಆದ್ರ ಸೈಟಿನ ಲೆಕ್ಕ ತಗದು ನೋಡಿದಾಗ ಅವನ ಕಣ್ಣು ಒಂದ ಕಡಿ ನಿಂತ್ವು. ಉಳದ ದಿನಾ ಮೂರು ಸಾವಿರ ಮಂದಿ ಬಂದ್ರ, ಆ ಒಂಬತ್ತು ದಿನಾ ಲಕ್ಷಗಟ್ಟಲೆ ಬಂದಿದ್ರು. ಗಿಡದಾಗ ಒಂದ ಟೊಂಗಿ ಹಣ್ಣಿಗೆ ಜೋತು ನೆಲಾ ಮುಟ್ಟಿತ್ತು.

ಕೋಮಲ ಒತ್ತಿದಳು.

ಆ ದಿನಾ ಬಂದ ಮಂದಿ ಎಷ್ಟಂದ್ರ, ಕಂಪ್ಯೂಟರಿನ ಫ್ಯಾನು ತಿರಗೂ ಗಾಳಿಗೆ ಗ್ವಾಡಿ ಕ್ಯಾಲೆಂಡರು ಎರಡು ತಿಂಗಳ ಮುಂದ ಹ್ವಾತು. ಮಂಜೂರ ಕೆಳಗಿನ ಅಡತಿದವರಿಗೆಲ್ಲಾ ಪೇಡೆ ಹಂಚಿದ. ಸಂಜಿಮುಂದ ಅಕ್ಕ ಗುಲನಾಜಳ ಫೋನು ಬಂತು.

"ಎಲ್ಲೈತೋ ನಿನ್ನ ಹೊಳಿ? ನಿಮ್ಮ ಮಾಮಾ ಎಲ್ಲಾರಕಿಂತ ಮೊದಲ ಓಡಿದ, ಸೈಟ್ ನನ್ನ ಭಾಮೈದಂದು ಅನ್ಕೋತ. ಬೊಂಬು ಜಾರಿ ಮೋಟರ ಪಾದದ ಮ್ಯಾಲ ಬಿತ್ತು. ಕಾಲಂಬೂದು ನಾದಿದ ಚಪಾತಿ ಹಿಟ್ಟಾಗೇತಿ."

"ಆಪಾ, ಬರಬಹುದಿತ್ತು, ಬರಲಿಲ್ಲ. ಹುಷಾರಿರೂದು ಚಲೋ ಅಲ್ಲೇನು?"

"ಹುಷಾರಿ ಹೇಳತಿ ಮತ್ತ! ನಿನ್ನ ನಾಲಿಗಿಗೆ ಬೊಂಬು ಬೀಳಲಿ," ಅಂದು ಇಟ್ಟಳು.

ಮಂಜೂರ ಮಾಮಾನ ದವಾಖಾನಿಗೆ ಸೇಬು ತಗೊಂಡು ಹ್ವಾದ, ನಗಿಸಿ ಬಂದ. ನಬಿಲಾಲನೂ ನಕ್ಕ. ಅಂವ ಯಾವತ್ತೂ ಜಗಳಾಡೂ ಮನಶಾ ಅಲ್ಲ. ತಿಂಗಳೊಪ್ಪತ್ತಿನ್ಯಾಗ ಎದ್ದ ಖರೇ, ಕುಂಟತಿದ್ದ. ಕೊರಕಲಾ ಇಳಿಯಾಕ ಆಗವಲ್ದು ಅಂತ ದಂಡಿಮ್ಯಾಲಿನ ಜಾಲಿಗಿಡಕ್ಕ ಹಗ್ಗಾ ಕಟ್ಟಿ, ಅದನ್ನ ನಡಕ್ಕ ಸುತಗೊಂಡು ಇಳಿಯೂ ರೂಢಿ ಮಾಡಿಕೊಂಡ.

ಎರಡನೇ ಸರತಿ 'ಮೋಟರ್ ಎತ್ತರಿ' ಬಂದಾಗ ಅರ್ಧಾ ಮಂದಿ ಓಡಿದ್ರು. ಮೂರನೇ ಸರತಿ ಯಾರೂ ಏಳಲಿಲ್ಲ. ಕುಂತಲ್ಲೇ ವಿಡಿಯೋ ನೋಡಿ, ನಕ್ಕು, ಇನ್ನೊಬ್ಬರಿಗೆ ಕಳಿಸಿದ್ರು. ಮಂಜೂರಗ ಅದೂ ಖುಷೀನ. ಓಡಿದವರು ಫೋನ್ ಕಿಸೇದಾಗ ಇಟಗೊಂಡು ಓಡತಾರ. ಕುಂತವರ ಪೂರಾ ನೋಡೂದು.

"ಸರ್," ಅಂದಳು ಕೋಮಲ ಒಂದ ದಿನ, "ಖರೇನ ಬಂದ್ರ ಏನ್ ಬರಿಯೂದ್ರಿ?"

"ಅದನ್ನ. ಮತ್ತೇನ?"



ಶ್ರಾವಣ ಮುಗೀಲಿಕ್ಕೆ ಬಂದಿತ್ತು. ಒಂದ ಸೋಮವಾರ, ಹನ್ನೊಂದರ ಬಿಸಲು. ಇಂಡ್ಯಾಗ ಆಕಾಶ ತೊಳದ ಪರಾತದಂಗ ಬೆಳ್ಳಗಿತ್ತು, ಒಂದು ಮೋಡ ಬೇಕಂದ್ರ ಕೊಂಡ ತರಬೇಕು. ಸಿದ್ರಾಮ ಮಾಸ್ತರ ಫೋನು ಬಂತು. ಮಾಸ್ತರು ತೇಕತಿದ್ರು.

"ಏಳನೇದು ಹ್ವಾತು."

"ಯಾವ ಏಳನೇದ್ರಿ ಸರ?"

"ಮೆಟ್ಟಲೋ. ನಾ ಕುಂಡಿ ಮ್ಯಾಲ ಸರಕೋತ ಸರಕೋತ ಇಳದು ನೋಡೇನಿ. ಆರನೇದಕ್ಕ ನೀರ ಹತ್ಯಾವ. ಇಷ್ಟ ಲಗೂ ಏರೂದು ನಾ ಹದಿನಾಕು ವರ್ಷದಾಗ ನೋಡಿಲ್ಲ. ಬರೀಪಾ ಮಂಜೂರ. ಈಗ ಬರಿ."

ಕೋಮಲ ಕೇಳಿಸಿಕೊಂಡಿದ್ದಳು. ಮಂಜೂರ ಹೇಳೂಕಿಂತ ಮೊದಲ ಬರದಳು. ಈ ಸರತಿ ವಿಡಿಯೋ ಇರಲಿಲ್ಲ. ಮಾಸ್ತರ ಹಂಗ, ಬರೇ ಎರಡ ಶಬ್ದ. ಕೆಳಗ 'ಇದು ಖರೇ' ಅಂತ ಬರದು, ನೋಡಿ, ಅಳಿಸಿ, ಮತ್ತ ಬರದಳು.

ಒಂದ ನಿಮಿಷದಾಗ ಉತ್ತರ ಸುರೀಲಿಕ್ಕೆ ಹತ್ತಿದ್ವು. 'ಈ ಸಲ ವಿಡಿಯೋ ಯಾಕಿಲ್ರಿ, ಎಡಿಟಿಂಗ್ ಮುಗದಿಲ್ಲೇನು?' 'ಮಂಜೂರಣ್ಣನ ಹೊಳಿ ಬಂತು, ಎಲ್ಲಾರೂ ಛತ್ರಿ ತಗೋರಿ.' ನಗೂ ಮಾರಿ, ನಗೂ ಮಾರಿ, ಸಾಲಾಗಿ ನಗೂ ಮಾರಿ. ನೋಡಿದವರ ಸಂಖ್ಯಾ ಹಿಂದಿನ ಮೂರೂ ಸರತಿದ್ದು ದಾಟಿ ಏರಾಕತ್ತಿತ್ತು. ಮಂಜೂರ ಅದನ್ನ ನೋಡಿದ.

ಆಪಾಗ ಫೋನ್ ಹಚ್ಚಿದ.

"ಮಾಮಾ ಎಲ್ಲ್ಯದಾನ?"

"ಹೊಳಿಗೆ ಹೋಗ್ಯಾನ. ಕಬ್ಬ ಒಣಗಾಕತ್ತೇತಿ, ಹೊಳಿ ನೀರ ಕೆಳಗ ಹೋಗ್ಯಾವ, ಮೋಟರ ಕೆಳಗ ಸರಸಬೇಕಂತ."

"ಯಾರ್ ಅದಾರ ಜೋಡಿ?"

"ಯಾರ್ ಬರತಾರೋ? ಎರಡ ಸರತಿ ನಿನ್ನ ಮಾತಿಗೆ ಹೊತ್ತು ಹೊತ್ತು ಎಲ್ಲಾರ ಹೆಗಲ ಬಾತಾವ. ಹಗ್ಗಾ ಕಟಗೊಂಡು ತಾನ ಇಳದಿರತಾನ."

"ಆಪಾ, ಹೊಳಿ ಬರಾಕತ್ತೇತಿ."

ಆಕಿ ನಕ್ಕಳು. ಬಾಯಿ ತುಂಬ ನಕ್ಕಳು. "ಈಗ ಫೋನ್ ಮಾಡೂ ವಿಡಿಯೋನೂ ಚಾಲೂ ಮಾಡೀಯೇನು? ಮಕ್ಕಳ, ಬರ್ರಿ, ನಿಮ್ಮ ಮಾವಾ ರೆಕಾರ್ಡ್ ಮಾಡಾಕತ್ತಾನ!"

"ಆಪಾ, ಅಬ್ಬಾನ ಮ್ಯಾಲ ಆಣಿ."

ಆಕಡಿ ನಗಿ ನಿಂತಿತು. ಫೋನ್ ಕೆಳಗ ಬಿದ್ದ ಸಪ್ಪಳಾತು, ಬಾಗಲಾ ಬಡದ ಸಪ್ಪಳಾತು, ಮತ್ತ ಏನೂ ಇಲ್ಲ.

ಮಂಜೂರನ ಗಾಡಿ ಆ ದಿನಾ ಓಡಿದ್ದು ಎಂಥಾದ್ದಂದ್ರ, ರಸ್ತೆದ ತೆಗ್ಗು ಗಾಲಿಗೆ ಸಿಗಲಿಲ್ಲ ಅಂತಾರ. ಹಾದ್ಯಾಗ ಕಂಡವರಿಗೆಲ್ಲಾ "ಹೊಳಿ ಬರಾಕತ್ತೇತಿ, ಮೋಟರ ಎತ್ತರಿ" ಅಂತ ಚೀರಿದ. ಅವರು ಅವನ ಗುರುತು ಹಿಡದು ಕೈ ಬೀಸಿದ್ರು. ಇಬ್ಬರು ಫೋನ್ ತಗದು ಹಿಡದ್ರು. ಒಬ್ಬ ಮುದುಕ ಮಾತ್ರ ಕೊಡಲಿ ಕೆಳಗಿಟ್ಟು ಹೊಳಿ ಕಡಿ ನೋಡಿದ. ನೋಡಿ, ಮತ್ತ ಕೊಡಲಿ ತಗೊಂಡ.

ಅಗರಖೇಡದ ಘಾಟಿನ್ಯಾಗ ಸಪ್ಪಳಿರಲಿಲ್ಲ. ಹೊಳಿ ಬರೂಮುಂದ ಭೋರ್ ಅಂತೈತಿ ಅಂತ ಮಂದಿ ಹೇಳೂದು ಖೊಟ್ಟಿ. ಅದು ಹಾಲು ಉಕ್ಕಿ ಬಂದಂಗ ಬರತೈತಿ. ಕೆಂಪು ನೀರು, ಅದರ ಮ್ಯಾಲ ಕಸಾ, ಒಂದು ಪ್ಲಾಸ್ಟಿಕ್ ಚಪ್ಪಲಿ, ಎಲ್ಲಾ ಒಂದ ಗತ್ತಿನ್ಯಾಗ ಬಲಕ್ಕ ಸರಿಯಾಕತ್ತಿದ್ವು. ಸಿದ್ರಾಮ ಮಾಸ್ತರು ನಾಕನೇ ಮೆಟ್ಟಲ ಮ್ಯಾಲ ಕುಂತಿದ್ರು. ಪಾದ ನೀರಾಗಿದ್ವು.

"ನಬಿಲಾಲಗ ಒದರಿದೆ," ಅಂದ್ರು. "ಕೆಳಗಿಂದ ನಕ್ಕು ಕೈ ಮಾಡಿದ. ನನ್ನೂ ನಿನ್ನ ಪೈಕಿ ಅಂತ ತಿಳದಾನ. ನಿಮ್ಮ ಆಪಾ ಮನಿಮನಿಗೆ ಹೋಗಿ ಮಂದೀನ ಕರಿಯಾಕತ್ತಾಳ, ಯಾರೂ ಏಳವಲ್ರು."

ಮಂಜೂರ ದಂಡಿಗುಂಟ ಓಡಿದ. ಜಾಲಿಗಿಡದ ಮುಳ್ಳಿಗೆ ಮಾಮಾನ ಬಿಳಿ ಅಂಗಿ ಹಾಕಿತ್ತು. ಬಾಜೂಕ ಅವನ ಚಪ್ಪಲಿ, ಒಂದಕ್ಕೊಂದು ಕೂಡಿಸಿ ಇಟ್ಟದ್ದು. ಗಿಡಕ್ಕ ಕಟ್ಟಿದ ಹಗ್ಗಾ ಕೊರಕಲದ ಕೆಳಗ ಹೋಗಿತ್ತು. ಕೊರಕಲಾ ಕಾಣತಿರಲಿಲ್ಲ, ಅಲ್ಲಿ ನೀರಿತ್ತು.

"ಮಾಮಾ!" ಅಂತ ಒದರಿದ.

ದಂಡಿಮ್ಯಾಲಿನ ಹೊಲದಾಗ ನಾಕೈದು ಮಂದಿ ನಿಂತಿದ್ರು. ಎಲ್ಲಾರೂ ಫೋನು ಎದಿಮಟ್ಟ ಹಿಡದಿದ್ರು. ಅವರೊಳಗ ನಬಿಲಾಲನ ಬದುವಿನ ನೆರೆಯವ ತಬ್ರೇಜನೂ ಇದ್ದ.

"ಬರ್ರೋ, ಹಗ್ಗಾ ಹಿಡೀರಿ!"

"ಇದು ಖರೇನೋ ಮಂಜೂರ," ಅಂದ ತಬ್ರೇಜ, ಫೋನ್ ಇಳಿಸದನ, "ಇಲ್ಲಾ ಶೂಟಿಂಗೋ?"

ಮಂಜೂರ ಎರಡೂ ಕಾಲು ಜಾಲಿ ಬುಡಕ್ಕ ಊರಿ ಹಗ್ಗಾ ಜಗ್ಗಿದ. ಮೈಯಾಗಿನ ತಾಕತ್ತೆಲ್ಲಾ ಹಾಕಿ ಜಗ್ಗಬೇಕಂತ ಉಸರ ಹಿಡದಿದ್ದ. ತಾಕತ್ತ ಬೇಕಾಗಲಿಲ್ಲ. ಬಾವ್ಯಾಗ ಕೊಡಾ ಕಳಚಿದ ಹಗ್ಗ ಬಂದಂಗ, ಹಗೂರಕ, ಸುತ್ತಿ ಸುತ್ತಿ, ಹಸೇದು ಅವನ ಕಾಲಾಗ ಬಿದ್ದಿತು.

ಜಾಲಿ ಮುಳ್ಳಿಗೆ ಹಾಕಿದ್ದ ಅಂಗಿ ಕಿಸೇದಾಗ ಫೋನು ಟಣ್ ಅಂತು. ಘಾಟಿನ್ಯಾಗ ಸಿದ್ರಾಮ ಮಾಸ್ತರು ಎರಡೂ ಕೈ ಹಿಂದ ಊರಿ, ಒಂದು ಮೆಟ್ಟಲ ಮ್ಯಾಲ ಸರದು ಕುಂತ್ರು.