ಹಲ್ಲು ಮುರಿದ ಫ್ರೀವೀಲ್

ಟಿಕ್ ಟಿಕ್ ಟಿಕ್. ಒಂದು ಬಿಡುವು. ಮತ್ತೆ ಟಿಕ್ ಟಿಕ್ ಟಿಕ್.

ನಡುರಾತ್ರಿ ಇಷ್ಟು ಸಣ್ಣ ಸದ್ದಿಗೆ ಬೇರೆಯವರಿಗೆ ಎಚ್ಚರವಾಗುವುದಿಲ್ಲ, ನನಗೆ ಆಗುತ್ತದೆ. ಸೈಕಲ್ಲನ್ನು ತಳ್ಳಿಕೊಂಡು ಬರುವಾಗ ಹಿಂದಿನ ಚಕ್ರದ ಫ್ರೀವೀಲ್ ಮಾಡುವ ಸದ್ದು ಅದು. ನಮ್ಮ ಸೈಕಲ್ಲಿನದೇ. ಅದರ ಒಳಗೆ ಒಂದು ಹಲ್ಲು ಮುರಿದಿತ್ತು, ಅದಕ್ಕೇ ಆ ಬಿಡುವು. ಕಳ್ಳನಿರಬೇಕೆಂದು ಬಾಗಿಲು ತೆರೆದೆ. ಸೈಕಲ್ಲು ನಮ್ಮ ಮೊದಲ ಮಹಡಿಯ ಮೆಟ್ಟಿಲ ಪಕ್ಕ, ಸಂಜೆ ನಾನು ಬೀಗ ಹಾಕಿದ ಹಾಗೇ ಕಿಟಕಿಯ ಸರಳಿಗೆ ಒರಗಿ ನಿಂತಿತ್ತು. ಸದ್ದು ಕೆಳಗಿನಿಂದ ಬರುತ್ತಿತ್ತು. ಆಮೇಲೆ ಕೆಳಮನೆಯ ದೇವಕಮ್ಮ ಚಿಲಕ ತೆಗೆದದ್ದು ಕೇಳಿಸಿತು.

ಒಳಗೆ ಬಂದು ಮಲಗಿದೆ. ನನ್ನ ಕಿವಿಯನ್ನು ನಾನು ಪೂರ್ತಿ ನಂಬುವವಳಲ್ಲ.

ಆ ಫ್ರೀವೀಲ್ ಹಾಕಿದವಳು ನಾನೇ. ದೇಶದ ರಾಜಧಾನಿಯಲ್ಲಿ ಮೆಟ್ರೊ ಇನ್ನೂ ನಮ್ಮ ಆರ್.ಕೆ.ಪುರಂ ಕಡೆಗೆ ಬಂದಿರದ ಕಾಲ. ಮಗಳು ಧಾರಿಣಿ ಟ್ಯೂಷನ್ನಿಗೆ ಹೋಗುತ್ತಿದ್ದುದು ಹಳೆಯ ಸೈಕಲ್ಲಿನಲ್ಲಿ. ಅದರ ಚೈನು ಜೋತುಬಿದ್ದಿತ್ತು ಎಂದು ಹೊಸ ಚೈನು ತಂದು ಹಾಕಿದೆ. ಮೊದಲ ದಿನವೇ ಅವಳು ಮೊಣಕಾಲು ತರಚಿಕೊಂಡು ಬಂದಳು.

"ಅಮ್ಮಾ, ಪೆಡಲ್ ಪೂರಾ ಸ್ಲಿಪ್ ಹೋ ರಹಾ ಹೈ. ಹಿಂದೆ ಬಸ್ ಇತ್ತು, ಪತಾ ಹೈ?"

ನನಗೆ ತಿಳಿದಿರಬೇಕಿತ್ತು. ನಾನು ದಾವಣಗೆರೆಯಲ್ಲಿ ಸೈಕಲ್ ಅಂಗಡಿಯ ಅಟ್ಟದ ಮೇಲೆ ಬೆಳೆದವಳು. ಚೈನು ಸವೆದರೆ ಅದರ ಜೊತೆ ಹಲ್ಲುಗಳೂ ಸವೆಯುತ್ತವೆ, ಸವೆದ ಹಲ್ಲು ಹೊಸ ಚೈನನ್ನು ಹಿಡಿದುಕೊಳ್ಳುವುದಿಲ್ಲ. "ಒಟ್ಟಿಗೆ ಮುದುಕರಾದವರನ್ನ ಬೇರೆ ಮಾಡಬಾರದು ಕಣೇ" ಎನ್ನುತ್ತಿದ್ದ ಅಪ್ಪ ಗಿರಾಕಿಗೆ ದುಡ್ಡಿಲ್ಲದಿದ್ದರೆ ಒಂದೇ ಸೈಕಲ್ಲಿನಿಂದ ಬಿಚ್ಚಿದ ಚೈನು, ಮುಂದಿನ ಹಲ್ಲುಚಕ್ರ, ಹಿಂದಿನ ಫ್ರೀವೀಲ್ ಮೂರನ್ನೂ ಸೇರಿಸಿ ಹಾಕಿಕೊಡುತ್ತಿದ್ದರು. ಒಂದಕ್ಕೊಂದು ಹೊಂದಿಕೊಂಡಿರುತ್ತವೆ, ಇನ್ನೂ ಕೆಲವು ವರ್ಷ ಓಡುತ್ತವೆ.

ಪಕ್ಕದ ಮುನಿರ್ಕಾದ ಹಿಂದಿನ ಗಲ್ಲಿಯಲ್ಲಿ ಗುಜರಿ ಮಾರುವ ಕಬಾಡಿಯವನ ಹತ್ತಿರ ಅಂಥ ಜೊತೆ ಸಿಕ್ಕಿತು.

"ಪೂರಾ ಸೆಟ್, ಮೇಡಂ. ಒಂದೇ ಗಾಡಿಯದು. ಪೊಲೀಸ್ ಠಾಣೆಯ ಹರಾಜಿನಲ್ಲಿ ಬಂದದ್ದು, ಯಾರೂ ಕೇಳಿಕೊಂಡು ಬರದೇ ಬಿದ್ದಿದ್ದ ಸೈಕಲ್ಲು."

"ಒಳಗೆ ಒಂದು ಹಲ್ಲು ಹೋಗಿದೆಯಲ್ಲ ಭಯ್ಯಾ."

"ನನ್ನ ಬಾಯಲ್ಲೂ ಎರಡು ಹೋಗಿವೆ. ರೊಟ್ಟಿ ತಿನ್ನುತ್ತಿಲ್ಲವೇ?"

ಒಂದು ಭಾನುವಾರ ಮೆಟ್ಟಿಲ ಪಕ್ಕ ಹಳೆಯ ಪತ್ರಿಕೆ ಹಾಸಿ, ಸೀಮೆಎಣ್ಣೆಯಲ್ಲಿ ತೊಳೆದು, ಮೂರನ್ನೂ ಕೂರಿಸಿದೆ. ನನ್ನ ಗಂಡ ಚಿದಂಬರ ಚಹಾ ಹಿಡಿದು ನಿಂತು, "ಸೆಕ್ಷನ್ ಆಫೀಸರನ ಹೆಂಡತಿ ಪಂಕ್ಚರ್ ಅಂಗಡಿ ತೆಗೆದಳು ಅಂತ ಆಫೀಸಿನಲ್ಲಿ ಹೇಳ್ತೀನಿ" ಅಂದರು. ಸೈಕಲ್ಲು ಚೆನ್ನಾಗಿ ಓಡಿತು.

ಅದೇ ವಾರ ದೇವಕಮ್ಮ ಗುರ್‌ಗಾಂವ್‌ಗೆ ಹೋಗುವುದಿಲ್ಲವೆಂದು ಹಟ ಹಿಡಿದರು.

ಅವರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು. ತಿಂಗಳ ಕೊನೆಗೆ ಕ್ವಾರ್ಟರ್ಸ್ ಬಿಡಲೇಬೇಕಿತ್ತು. ಮಗಳು ಚಂದ್ರಪ್ರಭಾ ಗುರ್‌ಗಾಂವ್‌ನ ತನ್ನ ಫ್ಲ್ಯಾಟಿನಲ್ಲಿ ಕೋಣೆ ಸಿದ್ಧಮಾಡಿದ್ದಳು. ದೇವಕಮ್ಮನೂ ಒಪ್ಪಿ ಪಾತ್ರೆಗಳನ್ನು ಡಬ್ಬಕ್ಕೆ ತುಂಬಿದ್ದರು. ಈಗ ಒಂದೊಂದಾಗಿ ಹೊರಗೆ ತೆಗೆದು ಗೂಡಿನಲ್ಲಿಡುತ್ತಿದ್ದರು.

"ಅಮ್ಮನಿಗೆ ನೀವೇ ಹೇಳಿ ಮೈತ್ರೇಯಿ ಆಂಟಿ," ಎಂದು ಚಂದ್ರಪ್ರಭಾ ಫೋನಿನಲ್ಲಿ ಅತ್ತಳು. "ಕ್ವಾರ್ಟರ್ಸ್ ನೋಡಿಕೊಳ್ಳೋ ಎಸ್ಟೇಟ್ ಆಫೀಸಿನವರು ಬಂದು ಸಾಮಾನು ರಸ್ತೆಗೆ ಹಾಕ್ತಾರೆ. ಅಮ್ಮನಿಗೆ ಅದೂ ಪರವಾಗಿಲ್ಲವಂತೆ. ಅಪ್ಪ ಬರ್ತಿದಾರೆ ಅಂತಾಳೆ."

ಚಂದ್ರಪ್ರಭಾ ಸಣ್ಣವಳಿದ್ದಾಗ ಮಂಜು ಕವಿದ ಒಂದು ಸಂಜೆ ಅವಳ ಅಪ್ಪ ಚಂದ್ರಮೋಹನ ಔಷಧಿ ತರಲು ಸೈಕಲ್ಲಿನಲ್ಲಿ ಹೋದವರು ಮರಳಿರಲಿಲ್ಲ. ಸೈಕಲ್ಲೂ ಸಿಕ್ಕಿರಲಿಲ್ಲ. ಇದನ್ನು ಬ್ಲಾಕಿನಲ್ಲಿ ಎಲ್ಲರೂ ಬಲ್ಲರು, ಯಾರೂ ಮಾತಾಡುವುದಿಲ್ಲ.

"ಬರ್ತಿದಾರೆ ಅಂದರೆ?" ಎಂದು ಕೇಳಿದೆ.

"ಅವರ ಸೈಕಲ್ ಸದ್ದು ಕೇಳಿಸುತ್ತಂತೆ. ನಡುವೆ ಒಂದು ಟಿಕ್ ಬಿಟ್ಟು ಬಿಟ್ಟು."

ಫೋನಿಟ್ಟೆ. ಪ್ರತಿ ಸಂಜೆ ಧಾರಿಣಿ ದೇವಕಮ್ಮನ ಕಿಟಕಿಯ ಕೆಳಗೇ ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದಳು. ನಾನು ತಂದ ಸದ್ದಿಗೆ ಕಿವಿಕೊಟ್ಟು ಆಕೆ ಬೀದಿಗೆ ಬೀಳಲಿದ್ದರು. ಹರಾಜಿಗೆ ಬಂದ ಆ ಸೈಕಲ್ಲು ಚಂದ್ರಮೋಹನರದೇ ಇರಬಹುದೇ ಎಂಬುದನ್ನು ಮುಂದಕ್ಕೆ ಯೋಚಿಸಲು ಧೈರ್ಯವಾಗಲಿಲ್ಲ. ರಾತ್ರಿಯ ಸದ್ದನ್ನಂತೂ ಯೋಚನೆಗೆ ಸೇರಿಸಿಕೊಳ್ಳಲೇ ಇಲ್ಲ.

ಮರುದಿನ ಮೂರನ್ನೂ ಬಿಚ್ಚಿ ಹೊಸದನ್ನು ಹಾಕಿದೆ. ಮೊದಲೇ ಹಾಗೆ ಮಾಡಬೇಕಿತ್ತು. ಹಳೆಯ ಫ್ರೀವೀಲನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ಸಂಜೆ ಕೆಳಗಿಳಿದೆ. ತೋರಿಸಿ, ತಿರುಗಿಸಿ, ಕೇಳಿಸಿ, ನಿಜ ಹೇಳಿಬಿಡುವುದು. ಆಕೆ ಅಳಬಹುದು. ಆದರೆ ಹೊರಡುತ್ತಾರೆ.

ಹೊರಗೆ ಎದುರಿನ ಬ್ಲಾಕೂ ಕಾಣದಷ್ಟು ಮಂಜು. ದೇವಕಮ್ಮ ಅವರೆಕಾಳು ಹಿಚುಕುತ್ತ ಕೂತಿದ್ದರು.

"ಬಾ ಮೈತ್ರೇಯಿ. ಚಂದ್ರಪ್ರಭಾ ಕಳಿಸಿದಳೇನು, ಮುದುಕಿಗೆ ಬುದ್ಧಿ ಹೇಳು ಅಂತ?"

"ಹಾಗಲ್ಲ ದೇವಕಮ್ಮ. ನೀವು ಕೇಳ್ತಿರೋ ಆ ಸದ್ದು..."

"ನಿಮ್ಮ ಧಾರಿಣಿ ಸೈಕಲ್ಲಿಂದು," ಎಂದರು ಅವರು ತಲೆಯೆತ್ತದೆ. "ಅಷ್ಟು ಗೊತ್ತಾಗದಷ್ಟು ನನಗೆ ಅರುಳುಮರುಳಾಗಿಲ್ಲ. ಆರು ಗಂಟೆಗೆ ಬರೋದು ಅವಳು. ನಾನು ಹೇಳೋದು ಇನ್ನೊಂದು."

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಧಾರಿಣಿ ಮೇಲೆ ಓದುತ್ತಿದ್ದಳು. ಸೈಕಲ್ಲು ಮೆಟ್ಟಿಲ ಪಕ್ಕವಿತ್ತು. ಫ್ರೀವೀಲ್ ನನ್ನ ತೊಡೆಯ ಮೇಲೆ, ಬಟ್ಟೆಯೊಳಗೆ ಇತ್ತು.

ಟಿಕ್ ಟಿಕ್ ಟಿಕ್. ಬಿಡುವು. ಟಿಕ್ ಟಿಕ್ ಟಿಕ್.

ಸದ್ದು ರಸ್ತೆಯಿಂದ ತಿರುಗಿ, ಬೇಲಿ ದಾಟಿ, ನಿಧಾನವಾಗಿ ಬಾಗಿಲವರೆಗೆ ಬಂದು ನಿಂತಿತು. ದೇವಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದರು.

"ತೆಗೀಬೇಡಿ," ಎಂದೆ.

ಅವರು ಬಾಗಿಲು ತೆರೆದರು. ಮಂಜು ಬಿಟ್ಟರೆ ಏನೂ ಇರಲಿಲ್ಲ. ಅವರು ಒಂದು ಪಕ್ಕಕ್ಕೆ ಸರಿದು ಗೋಡೆಗೆ ಬೆನ್ನು ಒತ್ತಿ ನಿಂತರು, ಕಿರಿದಾದ ಬಾಗಿಲಲ್ಲಿ ಹ್ಯಾಂಡಲ್ ತಾಗದಂತೆ ಜಾಗ ಬಿಡುವವರ ಹಾಗೆ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಬಾಗಿಲು ಮುಚ್ಚಿ ಚಿಲಕ ಹಾಕಿದರು.

"ಪ್ರತಿ ಸಲ ಹೊಸ್ತಿಲಲ್ಲೇ ನಿಂತು ಹೋಗ್ತಿದ್ರು," ಎಂದರು. "ಇವತ್ತು ಒಳಗೆ ಬಂದ್ರು."

ಆಮೇಲೆ ಗೂಡಿನಿಂದ ಪಾತ್ರೆಗಳನ್ನು ಇಳಿಸತೊಡಗಿದರು. "ಚಂದ್ರಪ್ರಭಾಗೆ ಫೋನ್ ಮಾಡು. ಭಾನುವಾರ ಟ್ಯಾಕ್ಸಿ ತರಲಿ. ಇನ್ನು ಇಲ್ಲಿ ಕಾಯೋದೇನಿದೆ?"

ನಾನು ಎದ್ದೆ. ಹೊಸ್ತಿಲಿನಿಂದ ನಡುಮನೆಯವರೆಗೆ ಸಿಮೆಂಟಿನ ಮೇಲೆ ಟಯರಿನ ಒದ್ದೆ ಗೆರೆಯೊಂದು ಒಳಗೆ ಹೋಗಿತ್ತು. ಹೊರಗೆ ಬಂದಿರಲಿಲ್ಲ. ಅದನ್ನು ತುಳಿಯದೆ ಗೋಡೆ ಹಿಡಿದು ದಾಟಿದೆ.

ಮೇಲೆ ಬಂದು ಫ್ರೀವೀಲನ್ನು ಬಟ್ಟೆಯಿಂದ ತೆಗೆದು ತಿರುಗಿಸಿದೆ. ಸುಲಭವಾಗಿ ತಿರುಗಿತು. ಒಂದು ಟಿಕ್ ಕೂಡ ಕೇಳಿಸಲಿಲ್ಲ.

ಭಾನುವಾರ ದೇವಕಮ್ಮ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಬಾಗಿಲಿಗೆ ಒತ್ತಿ ಕೂತರು. ಮಡಿಲಲ್ಲಿ ದೊಡ್ಡ ಗಂಟೊಂದಿತ್ತು. ಪಕ್ಕದಲ್ಲಿ ಇಬ್ಬರು ಕೂರುವಷ್ಟು ಜಾಗವಿದ್ದರೂ ಅದನ್ನು ಅಲ್ಲಿ ಇಡಲಿಲ್ಲ. ಚಂದ್ರಪ್ರಭಾ ನನ್ನ ಕೈ ಹಿಡಿದು, "ಅಮ್ಮನಿಗೆ ಏನು ಹೇಳಿದ್ರಿ ಆಂಟಿ? ಯಾರ ಮಾತೂ ಕೇಳದವಳು ನಿಮ್ಮ ಮಾತು ಕೇಳಿದಳಲ್ಲ," ಎಂದಳು. ಬಾಲ್ಕನಿಯಿಂದ ಚಿದಂಬರ ಅವರೂ ನೋಡುತ್ತಿದ್ದರು.

ಟ್ಯಾಕ್ಸಿಯ ಗಾಜಿನೊಳಗಿನಿಂದ ದೇವಕಮ್ಮ ನನ್ನನ್ನೇ ನೋಡುತ್ತಿದ್ದರು, ಉತ್ತರಕ್ಕೆ ಕಾಯುವವರ ಹಾಗೆ.

"ಏನಿಲ್ಲಮ್ಮ," ಎಂದೆ. "ಸುಮ್ಮನೆ ಕೂತಿದ್ದೆ ಅಷ್ಟೇ."

ಅವರು ಮುಖ ತಿರುಗಿಸಿಕೊಂಡು ಪಕ್ಕದ ಖಾಲಿ ಜಾಗದ ಮೇಲೆ ಕೈಯಿಟ್ಟರು. ಕೇಳುವವರು ಯಾರೇ ಇರಲಿ, ನಾಳೆಯೂ ಇದೇ ಉತ್ತರವೆಂದು ನಾನು ಅಲ್ಲೇ ತೀರ್ಮಾನಿಸಿದೆ.