ತಣ್ಣಗಾದ ಮೇಲೆ ಸೋರುವ ವ್ಯಾನು

ಗಿರಿಧರ್ ಇಂಜಿನ್ ಬಿಚ್ಚಿ ಹೊಸದಾಗಿ ಜೋಡಿಸಿ ಎರಡು ವಾರವಾಗಿತ್ತು. ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಮನೆಯ ಗ್ಯಾರೇಜಿನಲ್ಲಿ ಆ ಇಪ್ಪತ್ತಾರು ವರ್ಷದ ವ್ಯಾನು ಈಗ ಚೂರೂ ತಕರಾರಿಲ್ಲದೆ ಸ್ಟಾರ್ಟ್ ಆಗುತ್ತಿತ್ತು. ಬೆಳಗಾದರೆ ಮಾತ್ರ ಅದರ ಕೆಳಗೆ ಇಂಜಿನ್ ತಂಪಾಗಿಡುವ ಹಸಿರು ದ್ರವ, ಕೂಲಂಟ್, ಹರಡಿಕೊಂಡಿರುತ್ತಿತ್ತು. ಊರಿಗೆಲ್ಲ ತನ್ನ ರಿಪೇರಿಯ ಫೋಟೋ ಕಳಿಸಿ ಕೂತಿದ್ದ ನಿವೃತ್ತ ಇಂಜಿನಿಯರ್‌ಗೆ ಇದಕ್ಕಿಂತ ಮುಖಭಂಗ ಬೇರೆ ಬೇಕೆ?

ಹಳೆಯ ವ್ಯಾನಿಗೆ ಇಷ್ಟು ಒದ್ದಾಟವೇಕೆಂದರೆ, ಗಾಲಿಕುರ್ಚಿ ಎತ್ತುವ ಲಿಫ್ಟ್ ಇದ್ದದ್ದು ಅದರಲ್ಲಿ ಮಾತ್ರ. ಬೆನ್ನುಹುರಿಯ ಕಾಯಿಲೆಯಿಂದ ಮೂರು ವರ್ಷದ ಹಿಂದೆ ಕಾಲಿನ ಶಕ್ತಿ ಕಳೆದುಕೊಂಡ ಹೆಂಡತಿ ವೈದೇಹಿ ಅದಿಲ್ಲದೆ ಊರು ದಾಟುವಂತಿರಲಿಲ್ಲ. ಕಾಯಿಲೆಯ ಮೊದಲ ತಿಂಗಳುಗಳಲ್ಲಿ ಮನೆಗೇ ಬಂದು ಇದ್ದು ಅವಳನ್ನು ನೋಡಿಕೊಂಡವಳು ಗೆಳತಿ ಲೀಲಾವತಿ. ಆಮೇಲೆ ಲೀಲಾವತಿಯ ಸೊಂಟದ ಮೂಳೆ ಮುರಿಯಿತು. ಇಬ್ಬರೂ ಮುಖ ನೋಡಿ ಎರಡು ವರ್ಷವಾಗಿತ್ತು. ಈಗ ಲೀಲಾವತಿ ನಾಲ್ಕು ಗಂಟೆ ದಾರಿಯ ಮಿಸೌರಿ ಸಿಟಿಯ ಮನೆ ಖಾಲಿ ಮಾಡಿ ಭಾನುವಾರ ಮಗಳಿರುವ ಸಿಯಾಟಲ್‌ಗೆ ಹೊರಡುವವಳು. ಅಷ್ಟರೊಳಗೆ ಎದುರಿಗೆ ಕೂತು ಒಂದು ಮಾತು ಹೇಳಲೇಬೇಕೆಂಬುದು ವೈದೇಹಿಯ ಹಟ.

ಗಿರಿಧರ್ ದಿನಾ ಎಂಟಕ್ಕೆ ಗ್ಯಾರೇಜಿಗೆ ಇಳಿದು, ಮೊದಲು ಇಂಜಿನ್ ಸ್ಟಾರ್ಟ್ ಮಾಡಿ, ಆಮೇಲೆ ಬಾನೆಟ್ಟಿನೊಳಗೆ ತಲೆ ತೂರಿಸಿ ಹುಡುಕುತ್ತಿದ್ದ. ಒಂದು ಹನಿಯೂ ಕಾಣುತ್ತಿರಲಿಲ್ಲ. ಇಂಜಿನ್ನಿನೊಳಗಿನ ಹೆಡ್ ಗ್ಯಾಸ್ಕೆಟ್ಟೇ ಕೈಕೊಟ್ಟಿದ್ದರೆ ಮತ್ತೆ ಇಂಜಿನ್ ಬಿಚ್ಚಬೇಕು, ಅದಕ್ಕೆ ಮೂರು ವಾರ ಬೇಕು. ನಾನೂ ಬರಲೇ ಎಂದು ವೈದೇಹಿ ಕೇಳಿದಾಗಲೆಲ್ಲ, ಒಳಗೆ ಹೋಗಿ ರೆಸ್ಟ್ ತಗೋ ಎನ್ನುತ್ತಿದ್ದ. ಪ್ರೀತಿಯಿಂದಲೇ ಹೇಳುತ್ತಿದ್ದ, ಪಾಪ.

ಶುಕ್ರವಾರ ಅವನು ಬರುವಷ್ಟರಲ್ಲಿ ಅವಳು ಆಗಲೇ ವ್ಯಾನಿನ ಮುಂದಿದ್ದಳು.

"ಸ್ಟಾರ್ಟ್ ಮಾಡ್ಬೇಡಿ," ಎಂದಳು. "ಸಂಜೆ ನೆಲ ಒಣಗಿರುತ್ತೆ, ಬೆಳಿಗ್ಗೆ ಒದ್ದೆ ಇರುತ್ತೆ. ತಣ್ಣಗಾದ್ ಮೇಲೇ ಸೋರ್ತಿರೋದು. ನೀವು ಬಂದಿದ್ದೇ ಬಿಸಿ ಮಾಡಿಬಿಡ್ತೀರಿ, ಸೋರೋದು ನಿಂತ್ಹೋಗುತ್ತೆ."

ಗಿರಿಧರ್ ಜಾಕ್ ಕೊಟ್ಟು ಮುಂದಿನ ಚಕ್ರ ಬಿಚ್ಚಿದ. ಬಗ್ಗಿ ನೋಡಲು ಅವನ ಸೊಂಟ ಒಪ್ಪಲಿಲ್ಲ. ಗಾಲಿಕುರ್ಚಿಯಲ್ಲಿ ಕೂತವಳ ಕಣ್ಣಿಗೆ ಮಾತ್ರ ಆ ಜಾಗ ಸರಿಯಾಗಿ ನೇರಕ್ಕಿತ್ತು. ಅವಳು ಟಾರ್ಚ್ ಹಿಡಿದಳು. ವಾಟರ್ ಪಂಪಿನ ಹಿಂದೆ, ರಬ್ಬರ್ ಪೈಪಿನ ಅಡಿಯಲ್ಲಿ ಒಂದು ಹಸಿರು ಹನಿ ತೂಗುತ್ತಿತ್ತು. ಪೈಪಿಗೆ ಬಿಗಿದಿದ್ದ ಲೋಹದ ಕ್ಲಾಂಪ್ ಪಟ್ಟಿ ಹಳೆಯದು, ಸಡಿಲವಾಗಿತ್ತು.

ಗಿರಿಧರ್‌ನ ಮುಖ ಹುಳ್ಳಗಾಯಿತು. ರಿಂಗು, ಬೇರಿಂಗು, ಗ್ಯಾಸ್ಕೆಟ್ಟು ಎಲ್ಲವನ್ನೂ ಹೊಸದಾಗಿ ತರಿಸಿದವನು ಆ ಕ್ಲಾಂಪನ್ನು ಮಾತ್ರ, ಚೆನ್ನಾಗೇ ಇದೆಯಲ್ಲ ಎಂದು ತೊಳೆದು ಹಾಕಿದ್ದ. ಮೊಸರಿನ ಖಾಲಿ ಡಬ್ಬಿ ಎಸೆಯಲೂ ಕೈ ಬಾರದ ಮನುಷ್ಯ ಇನ್ನೇನು ಮಾಡಿಯಾನು! ವೈದೇಹಿ ನಗು ತಡೆದುಕೊಳ್ಳಲಿಲ್ಲ. ಅವನೂ ನಕ್ಕ.

ಹೊಸ ಕ್ಲಾಂಪ್ ಬಿಗಿದು, ಕೂಲಂಟ್ ತುಂಬಿ, ಸಂಜೆ ಒಂದಷ್ಟು ದೂರ ಓಡಿಸಿ ತಂದು ನಿಲ್ಲಿಸಿದರು. ಶನಿವಾರ ಬೆಳಿಗ್ಗೆ ವ್ಯಾನಿನ ಕೆಳಗೆ ಹಾಸಿದ್ದ ರಟ್ಟು ಒಣಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಮಿಸೌರಿ ಸಿಟಿಯಲ್ಲಿದ್ದರು.

ವಾಕರ್ ಹಿಡಿದು ಬಂದ ಲೀಲಾವತಿ ಕಾಫಿ ಮಾಡಲು ಹೊರಟಳು. ವೈದೇಹಿ ಬಿಡಲಿಲ್ಲ, ಎದುರಿಗೆ ಕೂರಿಸಿಕೊಂಡಳು.

"ಲೀಲಾ, ಆಗ ಎಲ್ಲರೂ ನಂಗೆ ರೆಸ್ಟ್ ತಗೋ ಅಂದ್ರು. ನೀನೊಬ್ಳೇ ಮಡಿಲಿಗೆ ಬೀನ್ಸ್ ಸುರಿದು, ಹೆಚ್ಚಿಕೊಡು ಅಂದೆ. ನಾನಿನ್ನೂ ಉಪಯೋಗಕ್ಕೆ ಬರ್ತೀನಿ ಅಂತ ಅವತ್ತು ಗೊತ್ತಾಯ್ತು. ಇದನ್ನ ಫೋನಲ್ಲಿ ಹೇಳೋಕಾಗ್ಲಿಲ್ಲ."

ಲೀಲಾವತಿ ಅವಳ ಎರಡೂ ಕೈ ಹಿಡಿದುಕೊಂಡು ಅತ್ತಳು. ಬಾಗಿಲ ಬಳಿ ನಿಂತಿದ್ದ ಗಿರಿಧರ್‌ಗೆ, ರೆಸ್ಟ್ ತಗೋ ಎಂದವರಲ್ಲಿ ತಾನೇ ಮೊದಲಿಗನೆಂಬುದು ಚುರುಕ್ಕೆಂದಿತು. ತಾನು ಕೊಡದೆ ಹೋದದ್ದನ್ನು ಕೊಟ್ಟ ಈ ಹೆಂಗಸಿಗೆ ಕೈಮುಗಿಯಬೇಕೆನಿಸಿತು.

ಕಣ್ಣೊರೆಸಿಕೊಂಡು ಲೀಲಾವತಿ, ವ್ಯಾನ್ ಕೊನೆಗೆ ಯಾರು ಸರಿಮಾಡಿದರು ಎಂದು ಕೇಳಿದಳು. ದಾರಿಯುದ್ದಕ್ಕೂ ಅವನು ಉತ್ತರ ಸಿದ್ಧಮಾಡಿಕೊಂಡು ಬಂದಿದ್ದ. ಅದರಲ್ಲಿ 'ನಾನು' ಎಂಬುದೇ ಹೆಚ್ಚಿತ್ತು.

"ಇವಳು," ಎಂದ. "ನಾನು ಬೇಡ ಬೇಡ ಅಂದ್ರೂ ಬಂದು ಸರಿಮಾಡಿದ್ಲು."

ವೈದೇಹಿ ತಿರುಗಿ ನೋಡಿದಳು. ಅವಳು ಅಷ್ಟು ಹೆಮ್ಮೆಯಿಂದ ಕೂತದ್ದನ್ನು ಅವನು ಮೂರು ವರ್ಷದಿಂದ ಕಂಡಿರಲಿಲ್ಲ.