ಮೂರನೇ ಕಾಯಿಲ್

ಹದಿನಾಲ್ಕನೇ ಪೈಪೂ ಕೊಳವೆಬಾವಿಗೆ ಇಳಿಯಿತು, ಕ್ರೇನಿನ ಸರಪಳಿ ಕಿರ್ರೆಂದಿತು, ಇನ್ನೂ ನಲವತ್ತು ಇವೆ, ಪವಿತ್ರ ಎಣಿಸುತ್ತಲೇ ಇದ್ದಾಳೆ, ಎಣಿಸು ಅಂತ ಯಾರೂ ಹೇಳಿಲ್ಲ, ಸುಟ್ಟ ಮೋಟಾರಿಗೆ ಹೊಸ ತಂತಿಯ ಕಾಯಿಲ್ ಸುತ್ತಿ ಕೊಟ್ಟರೆ ಅವಳ ಕೆಲಸ ಮುಗಿಯಿತು, ಆದರೂ ಚಿಂತಾಮಣಿಯ ಅಂಗಡಿಗೆ ಬೀಗ ಹಾಕಿ ಮೋಟಾರಿನ ಯಜಮಾನ ಬಯ್ಯಪ್ಪನ ಟೆಂಪೋ ಹತ್ತಿ ಸಾದಲಿಯ ಈ ಹಿಪ್ಪುನೇರಳೆ ತೋಟಕ್ಕೆ ಬಂದಳು, ಒಬ್ಬಳೇ ಸುತ್ತಿದ ಮೊದಲ ಮೋಟಾರು, ನೀರು ಚಿಮ್ಮುವುದನ್ನು ಕಣ್ಣಾರೆ ನೋಡಬೇಕು — ಅಪ್ಪ ಕೋನಪ್ಪ ಕಣ್ಣಿನ ಆಪರೇಷನ್ ಆಗಿ ಚಿಕ್ಕಬಳ್ಳಾಪುರದಲ್ಲಿ ಮಲಗಿದ್ದಾರೆ, ಎಲ್ಲಾ ಕಾಯಿಲ್ ಬಲಗೈಲೇ ನೋಡಮ್ಮ, ಬೆರಳು ಕರೆಂಟು ಹೋಗೋ ಕಡೆ ಮಡಚು, ಹೆಬ್ಬೆರಳು ತೋರ್ಸಿದ್ದು ಉತ್ತರ ಧ್ರುವ, ಅಷ್ಟೇ, ಅಂದಿದ್ದರು ಫೋನಿನಲ್ಲಿ, ಅವಳ ಡಿಪ್ಲೊಮಾ ಪುಸ್ತಕದಲ್ಲಿ ಎರಡು ಪುಟ ಇದ್ದದ್ದನ್ನು ಒಂದೇ ಉಸಿರಿಗೆ ಮುಗಿಸಿದ್ದರು, ಗೊತ್ತಪ್ಪ, ಬಲಗೈ, ಎಂದು ಅವಳು ರೇಗಿದ್ದಳು. ಟೀ ತಗೋಮ್ಮ, ಬಯ್ಯಪ್ಪನ ಹೆಂಡತಿ ಆಂಜಿನಮ್ಮ ಲೋಟ ಕೊಟ್ಟಳು, ಬಲಗೈಯಲ್ಲಿ ಲೋಟ ಸುಡುತ್ತಿದೆ, ಇನ್ನೊಂದು ಕೈ ತನ್ನಷ್ಟಕ್ಕೆ ಗಾಳಿಯಲ್ಲಿ ಬೆರಳು ಮಡಚುತ್ತಿದೆ, ಮೊದಲನೇ ಕಾಯಿಲ್ ಸರಿ, ಎರಡನೆಯದು ಸರಿ, ಮೂರನೆಯದು — ಎಡಗೈ. ಅಯ್ಯೋ, ಎಡಗೈ. ಮೂರನೆಯದನ್ನು ನೋಡುವಾಗ ಬಲಗೈಯಲ್ಲಿ ಏನಿತ್ತು, ತಂತಿಯನ್ನು ಸಂದಿಗೆ ಒತ್ತುವ ಬಿದಿರಿನ ಚಕ್ಕೆ ಇತ್ತು, ಅದನ್ನು ಕೆಳಗಿಡಲಿಲ್ಲ, ಖಾಲಿ ಇದ್ದ ಕೈಯನ್ನೇ ಮಡಚಿದಳು, ಆ ಹೆಬ್ಬೆರಳು ಉತ್ತರ ಅಂದದ್ದೆಲ್ಲ ದಕ್ಷಿಣ, ಅದನ್ನೇ ನಂಬಿ ತುದಿಗಳನ್ನು ಜೋಡಿಸಿಬಿಟ್ಟಳಲ್ಲ, ಬ್ಯಾಟರಿ ಕೊಟ್ಟು ದಿಕ್ಸೂಚಿ ಹಿಡಿದಿದ್ದರೆ ಮುಳ್ಳೇ ಹೇಳುತ್ತಿತ್ತು, ಹಾಗೆ ನೋಡದೆ ಅಪ್ಪ ಒಂದು ಮೋಟಾರೂ ಕೊಟ್ಟವರಲ್ಲ, ಆದರೆ ಬಯ್ಯಪ್ಪ ಅಂಗಡಿ ಬಾಗಿಲಲ್ಲೇ ನಿಂತಿದ್ದ, ಬೇಗ ಕೊಡಮ್ಮ, ರೇಷ್ಮೆ ಹುಳ ಪೊರೆ ಬಿಟ್ಟು ನಾಲ್ಕನೇ ಜ್ವರದಿಂದ ಎದ್ದವೆ, ಹಸ್ಕೊಂಡವೆ, ತೋಟದಾಗೆ ಸೊಪ್ಪು ಬಾಡ್ತಾ ಐತೆ, ಕೊಟ್ಟೇಬಿಟ್ಟಳು.

ಹತ್ತೊಂಬತ್ತು. ಇಪ್ಪತ್ತು. ಸುಮ್ಮನಿದ್ದರೆ? ಬಲಗೈಯಲ್ಲೇ ನೋಡಿದ್ದರೂ ನೋಡಿರಬಹುದು, ಯಾರು ಕಂಡರು, ಇಲ್ಲ, ಚಕ್ಕೆ ಕೈಯಲ್ಲೇ ಇತ್ತು, ಸ್ವಿಚ್ ಒತ್ತಿದ ಕೂಡಲೇ ಮೋಟಾರು ಗುಂಯ್ ಅಂದು ಸುಟ್ಟರೆ ತಪ್ಪನ್ನು ವೋಲ್ಟೇಜ್ ಮೇಲೆ ಹಾಕಿಬಿಡಬಹುದು, ರಿವೈಂಡಿಂಗ್ ಅಂಗಡಿಯವರೆಲ್ಲ ಹಾಕುತ್ತಾರೆ, ಯಾರೂ ಕೇಳುವುದಿಲ್ಲ, ಆದರೆ ಹುಳಕ್ಕೆ ಸೊಪ್ಪು ಎಲ್ಲಿಂದ, ಬಾಯಿಬಿಟ್ಟರೆ ಹುಡುಗಿ ಕೈಗೆ ಮೋಟ್ರು ಕೊಟ್ಟಿದ್ದೇ ತಪ್ಪಾಯ್ತು ಅಂತಾರೆ, ನಾಳೆಯಿಂದ ಅಪ್ಪನ ಅಂಗಡಿ ಮೆಟ್ಟಿಲು ಯಾರು ಹತ್ತುತ್ತಾರೆ, ಅವಳಿಗೆ ಭಯವಾಗುತ್ತಿದೆ, ಭಯಕ್ಕಿಂತ ಹೆಚ್ಚಾಗಿ ನಾಚಿಕೆ, ಇಪ್ಪತ್ತೊಂದು, ಪೈಪಿನ ತುದಿಯ ಮೋಟಾರು ಇಳಿದಷ್ಟೂ ಮೇಲೆತ್ತುವ ಕಷ್ಟ ಹೆಚ್ಚು, ಬಯ್ಯಪ್ಪಣ್ಣ, ನಿಲ್ಸಣ್ಣ, ಒಂದು ಕಾಯಿಲ್ ಉಲ್ಟಾ ಜೋಡ್ಸಿದೀನಿ, ಕ್ರೇನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ, ಲೋಟ ಎಲ್ಲಿ ಬಿತ್ತೋ, ಓಡಿದಳು, ಲೋಟ ಹಿಡಿದಿದ್ದ ಬೆರಳು ಮಡಚಿದಂತೆಯೇ, ಹೆಬ್ಬೆರಳು ಮೇಲೆ ಮಾಡಿ ಕೈ ಎತ್ತಿದಳು, ಮೇಲಕ್ಕಾ, ಎಂದು ಕ್ರೇನಿನವನು ಕೂಗಿದ, ಸದ್ದು ನಿಂತಿತು, ಹೂಂ ಮೇಲಕ್ಕೇ, ಒಂದು ಕಾಯಿಲ್ ಉಲ್ಟಾ, ತಪ್ಪು ನಂದು, ಅಂದಳು, ಬಯ್ಯಪ್ಪ ನೋಡುತ್ತಿದ್ದಾನೆ, ಅವಳೂ ನೋಡುತ್ತಾಳೆ, ಕೈ ಇಳಿಸಲು ಆಗುತ್ತಿಲ್ಲ, ಬಲಗೈ, ಈ ಸಲ ಬಲಗೈಯೇ, ಆಕಾಶಕ್ಕೆ ನಿಂತ ಹೆಬ್ಬೆರಳು, ಹೆಬ್ಬೆರಳು —